ಕಿಸೆಯಲ್ಲಿ ಚಾಕು ಇಟ್ಟುಕೊಂಡ ಭಾಲ್ಕಿಯ ಹುಡುಗ ಹುಡುಗಿಯರಿಗೆ

ನನ್ನೂರಿನ ಹುಡುಗರೇ, ಹುಡುಗಿಯರೇ,

ಹೆಸರು ಹೇಳಿದರೆ ನಿಮ್ಮಲ್ಲಿ ಅರ್ಧ ಮಂದಿಯ ಅಪ್ಪಂದಿರಿಗೆ ನನ್ನ ಗುರುತು ಹತ್ತುತ್ತದೆ. ಅದಕ್ಕೇ ಹೇಳುವುದಿಲ್ಲ. ಭಾಲ್ಕಿಯ ಕೋರ್ಟಿನಲ್ಲಿ ಮೂವತ್ತೊಂದು ವರ್ಷದಿಂದ ಕರಿ ಕೋಟು ಹಾಕಿಕೊಂಡು ಓಡಾಡುತ್ತಿರುವವನು ಎಂದುಕೊಳ್ಳಿ, ಸಾಕು. ಹೊಲದ ಬದುವಿನ ಜಗಳ, ದಾರಿ ಜಗಳ, ಮದುವೆ ಮನೆಯಲ್ಲಿ ಶುರುವಾಗಿ ದವಾಖಾನೆಯಲ್ಲಿ ಮುಗಿದ ಜಗಳ, ಇವೇ ನನ್ನ ಹೊಟ್ಟೆ ಹೊರೆದಿವೆ. ಜಗಳವಾಡಬೇಡಿ ಎಂದು ನಿಮಗೆ ಬುದ್ಧಿ ಹೇಳುವ ನೈತಿಕ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಕಳೆದ ತಿಂಗಳು ಒಂದು ಸಂಜೆ, ಕರೆಂಟು ಹೋಗಿ ಇನ್ವರ್ಟರಿನ ಮಂದ ಬೆಳಕಿನಲ್ಲಿ ಮರುದಿನದ ಕಡತ ನೋಡುತ್ತ ಕುಳಿತಿದ್ದೆ. ಹುಡುಗನೊಬ್ಬ ಮಾಳಿಗೆ ಹತ್ತಿ ಬಂದ. ಅವನ ಮುತ್ಯಾ ನನ್ನ ಹಳೆಯ ಕಕ್ಷಿದಾರ. ಕುಂದ್ರು ಅಂದೆ, ಕುಂದ್ರಲಿಲ್ಲ. ಹಿಂದಿನ ಕಿಸೆಗೆ ಕೈ ಹಾಕಿ ಏನೋ ತೆಗೆದು ನನ್ನ ಚಹಾದ ಕಪ್ಪಿನ ಪಕ್ಕ ಇಟ್ಟ. ಮಡಚುವ ಚಾಕು. ಕರಿ ಹಿಡಿಕೆ, ಅದರ ಮೇಲೆ ಹುಲಿ ಮುಖ, ಅಲಗಿನ ಒಂದು ಬದಿಗೆ ಗರಗಸದ ಹಲ್ಲು. ಆನ್‌ಲೈನಿನಲ್ಲಿ ಮುನ್ನೂರ ನಲವತ್ತು ರೂಪಾಯಿಗೆ ತರಿಸಿದ್ದನಂತೆ.

“ಕಾಕಾ, ಇದು ಇಟ್ಕೊಂಡ್ರ ಕೇಸ್ ಆಗ್ತದೇನ್ರೀ?”

“ಯಾಕ ಬೇಕು ನಿನಗ ಇದು?”

“ಸೆಲ್ಫ್ ಡಿಫೆನ್ಸ್‌ಗೆ ರೀ.”

“ಯಾರಿಂದ?”

ಈ ಪ್ರಶ್ನೆಗೆ ಅವನಿಗೆ ಹೊತ್ತು ಹಿಡಿಯಿತು. “ಹಂಗ… ಯಾರರ ಬಂದ್ರ ಅಂತ.”

ನಾನು ಡ್ರಾಯರಿನಿಂದ ಫುಟ್‌ಪಟ್ಟಿ ತೆಗೆದು ಅಲಗು ಅಳೆದೆ. ಮೂರು ಮುಕ್ಕಾಲು ಇಂಚು. ಹುಡುಗನ ಮುಖ ಅರಳಿತು. “ಒಂಬತ್ತು ಇಂಚಿನ ಒಳಗಿದ್ರ ನಡೀತದಂತಲ್ರೀ. ರೀಲ್ಸ್‌ನ್ಯಾಗ ಒಬ್ಬ ವಕೀಲ ಹೇಳ್ಯಾನ.”

ಎರಡು ತಿಂಗಳಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಬಂದವರಲ್ಲಿ ಇವನು ಐದನೆಯವನು. ಕೇಳಲು ಬಂದವರೇ ಐದು ಮಂದಿ ಎಂದರೆ ಕೇಳದೆ ಇಟ್ಟುಕೊಂಡವರು ಎಷ್ಟು ಮಂದಿಯೋ! ಅದಕ್ಕೇ ಈ ಪತ್ರ. ಫೀಸು ಕೊಡಬೇಕಾಗಿಲ್ಲ.

ಮೊದಲು ಆ ಒಂಬತ್ತು ಇಂಚಿನ ಮಾತು ಮುಗಿಸಿಬಿಡೋಣ. ರೀಲ್ಸ್‌ನ ವಕೀಲ ಹೇಳಿದ್ದು ಪೂರ್ತಿ ಸುಳ್ಳಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಅದರಡಿ 2016ರ ನಿಯಮಗಳಿವೆ. ಆ ನಿಯಮಗಳ ಪಟ್ಟಿಯಲ್ಲಿ ಐದನೆಯ ವರ್ಗ ಎಂದರೆ ಕತ್ತಿ, ಕಠಾರಿ, ಭರ್ಚಿ ಇತ್ಯಾದಿ. ಜೊತೆಗೆ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿರುವ ಚಾಕು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಇವನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಕನಿಷ್ಠ ಒಂದು ವರ್ಷ, ಹೆಚ್ಚೆಂದರೆ ಮೂರು ವರ್ಷ ಸಜೆ. ಇಲ್ಲಿಯವರೆಗೆ ರೀಲ್ಸ್ ಸರಿ. ಆದರೆ ಅದೇ ಸಾಲಿನಲ್ಲಿ ಇನ್ನೊಂದು ಮಾತಿದೆ, ಅದು ಅರ್ಧ ನಿಮಿಷದ ರೀಲ್ಸ್‌ನಲ್ಲಿ ಹಿಡಿಸುವುದಿಲ್ಲ: ಮನೆಗೆಲಸಕ್ಕೆ, ಒಕ್ಕಲುತನಕ್ಕೆ, ಕಾರ್ಖಾನೆಗೆ ಎಂದು ಮಾಡಿದವುಗಳನ್ನು ಬಿಟ್ಟು, ಎಂದು.

ಈ ಬಿಟ್ಟ ಮಾತಿನಲ್ಲೇ ಎಲ್ಲವೂ ಇದೆ. ದೀಪಾವಳಿ ಮುಗಿದ ಮೇಲೆ ಕಬ್ಬಿನ ಗ್ಯಾಂಗುಗಳು ನಮ್ಮ ತಾಲ್ಲೂಕಿಗೆ ಇಳಿಯುವುದನ್ನು ನೀವು ನೋಡಿದ್ದೀರಿ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೆಂಡತಿ ಮಕ್ಕಳು, ಬುಟ್ಟಿ ಬೋಗುಣಿ, ಕೋಳಿ. ಪಕ್ಕದಲ್ಲಿ ಹತ್ತಿಪ್ಪತ್ತು ಕೊಯ್ತಾ. ಒಂದೊಂದು ಕೊಯ್ತಾದಿಂದ ಕುತ್ತಿಗೆ ಹಾರಿಸಬಹುದು. ಹುಂಜಿ ಕಾರ್ಖಾನೆಯ ರಸ್ತೆಯಲ್ಲಿ ಯಾವ ಪೊಲೀಸಪ್ಪನೂ ಆ ಟ್ರಾಲಿ ನಿಲ್ಲಿಸಿ ಫುಟ್‌ಪಟ್ಟಿ ತೆಗೆಯುವುದಿಲ್ಲ. ಮಾವಿನಕಾಯಿ ಮಾರುವವಳ ಇಳಿಗಿ, ಕಲ್ಲಂಗಡಿ ಅಂಗಡಿಯವನ ಮಾರುದ್ದ ಚಾಕು, ರಸ್ತೆ ಬದಿ ಡೇರೆ ಹಾಕಿ ತಿದಿ ಊದುವ ಘಿಸಾಡಿಗಳು ಸಾಲಾಗಿ ಹರವಿಟ್ಟ ಕುಡಗೋಲು, ಕೊಡಲಿ, ಎಲ್ಲವೂ ಬೀದಿಯ ಮೇಲೇ ಇವೆ. ಅವಕ್ಕೆಲ್ಲ ಒಂದೊಂದು ಕೆಲಸ ಇದೆ, ಆ ಕೆಲಸ ನೋಡಿದವರಿಗೆಲ್ಲ ಕಾಣುತ್ತದೆ. ನಿಮ್ಮ ಮೂರು ಮುಕ್ಕಾಲು ಇಂಚಿಗೆ ಇರುವುದು ಒಂದೇ ಕೆಲಸ. ಅದನ್ನು ನೀವೇ ನನ್ನ ಮುಂದೆ ಬಾಯಿಬಿಟ್ಟು ಹೇಳಿದಿರಿ. ಠಾಣೆಯಲ್ಲೂ ಹೇಳುತ್ತೀರಿ, ಯಾಕೆಂದರೆ ನಿಮಗೆ ಅದು ತಪ್ಪು ಅನಿಸಿಯೇ ಇಲ್ಲ. ಹಾಗೆ ಹೇಳಿದ್ದು ಕೋರ್ಟಿನಲ್ಲಿ ಪುರಾವೆಯಾಗದೇ ಇರಬಹುದು. ಆದರೆ ಅವತ್ತು ರಾತ್ರಿ ನೀವು ಮನೆಗೆ ಹೋಗುತ್ತೀರೋ ಇಲ್ಲವೋ ಎನ್ನುವುದಕ್ಕೆ ಅಷ್ಟು ಸಾಕು.

ಇಂಗ್ಲೆಂಡಿನಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಮೂರು ಇಂಚಿನೊಳಗಿನ ಮಡಚುವ ಚಾಕು ಬಿಟ್ಟು ಸಾರ್ವಜನಿಕ ಜಾಗದಲ್ಲಿ ಉಳಿದ ಯಾವ ಚಾಕುವಿಗೂ 1988ರ ಅವರ ಕಾನೂನು ತಕ್ಕ ಕಾರಣ ಕೇಳುತ್ತದೆ, ಆತ್ಮರಕ್ಷಣೆಗೆ ಇಟ್ಟುಕೊಂಡೆ ಎಂದರೆ ಅದನ್ನು ಸಾಮಾನ್ಯವಾಗಿ ಕಾರಣವೆಂದು ಒಪ್ಪುವುದಿಲ್ಲ. ನಮ್ಮಲ್ಲಿ ಅಷ್ಟು ನೇರವಾಗಿ ಇಲ್ಲ. ನಮ್ಮಲ್ಲಿ ಗಣೇಶ ಹಬ್ಬ, ಮೊಹರಂ, ಚುನಾವಣೆ ಬಂತೆಂದರೆ ಜಿಲ್ಲಾಧಿಕಾರಿಗಳ ಆದೇಶ ಬರಬಹುದು. ಹಿಂದೆ 144 ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಆ ಹೊತ್ತಿನಲ್ಲಿ ಚಾಕು ಬಿಡಿ, ದೊಣ್ಣೆ ಹಿಡಿದರೂ ಕೇಳುತ್ತಾರೆ. ಅದೂ ಇಲ್ಲದಿದ್ದರೆ ಮುಂಜಾಗ್ರತೆಯ ಕೇಸು, ಮುಚ್ಚಳಿಕೆ, ತಹಸೀಲ್ದಾರರ ಮುಂದೆ ತಿಂಗಳಿಗೆರಡು ಸಲ ಹಾಜರಿ. ಒಮ್ಮೆ ರೌಡಿ ಪಟ್ಟಿಯಲ್ಲಿ ಹೆಸರು ಕೂತರೆ ಅದನ್ನು ತೆಗೆಸುವುದು ಪಹಣಿಯಲ್ಲಿ ಹೆಸರು ತಿದ್ದಿಸುವುದಕ್ಕಿಂತ ಕಷ್ಟ. ಪಹಣಿ ತಿದ್ದಿಸಿದವರನ್ನು ಕೇಳಿ, ಗೊತ್ತಾಗುತ್ತದೆ.

2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಿಗ್ ಬಾಸ್‌ನಿಂದ ಹೆಸರಾದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧನಕ್ಕೆ ಒಳಗಾದದ್ದು ನೆನಪಿರಬೇಕು. ಅವರು ಯಾರನ್ನೂ ಚುಚ್ಚಿರಲಿಲ್ಲ, ಬರೀ ಹಿಡಿದಿದ್ದರು. ಅವರಿಗೆ ದೊಡ್ಡ ವಕೀಲರಿದ್ದರು. ನಿಮಗೆ ಇರುವುದು ನಾನು.

ಇನ್ನು ಆ ಹುಡುಗನ ಭಯದ ಮಾತು. ಭಯವನ್ನು ನಾನು ಹಗುರ ಮಾಡುವುದಿಲ್ಲ. 2025ರ ಜನವರಿ 16ರಂದು ಬೀದರಿನ ನಟ್ಟನಡುವೆ, ಹಾಡಹಗಲಲ್ಲಿ, ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಖಾರದ ಪುಡಿ ಎರಚಿ ಗುಂಡು ಹಾರಿಸಿ ಪೆಟ್ಟಿಗೆ ಒಯ್ದರು. ಕೆಲಸಕ್ಕೆಂದು ಮನೆಯಿಂದ ಹೊರಟ ಮನುಷ್ಯನೊಬ್ಬ ರಸ್ತೆಯಲ್ಲಿ ಸತ್ತ. ಆ ವಿಡಿಯೊ ನಿಮ್ಮೆಲ್ಲರ ಫೋನಿನಲ್ಲೂ ಬಂದುಹೋಗಿದೆ. ಅವತ್ತಿನಿಂದ ನಮ್ಮ ಜಿಲ್ಲೆಯವರಿಗೆ ಹೆಲ್ಮೆಟ್ ಹಾಕಿದ ಇಬ್ಬರು ಒಂದೇ ಬೈಕಿನಲ್ಲಿ ಬಂದರೆ ಎದೆ ಝಲ್ಲೆನ್ನುತ್ತದೆ, ನನಗೂ. ಆದರೆ ಆ ವಿಡಿಯೊವನ್ನು ಇನ್ನೊಮ್ಮೆ ನೋಡಿ. ಅಲ್ಲಿದ್ದವರ ಕಿಸೆಯಲ್ಲಿ ಹುಲಿ ಮುಖದ ಚಾಕು ಇದ್ದಿದ್ದರೆ ಏನಾಗುತ್ತಿತ್ತು ಹೇಳಿ?

ಮೂವತ್ತೊಂದು ವರ್ಷದಲ್ಲಿ ಮುಖಪರಿಚಯ ಇಲ್ಲದ ಕಳ್ಳನ ಮೇಲೆ ಚಾಕು ಎತ್ತಿ ಜೀವ ಉಳಿಸಿಕೊಂಡ ಒಂದೇ ಒಂದು ಕೇಸು ನನ್ನ ಮೇಜಿಗೆ ಬಂದಿಲ್ಲ. ಚಾಕು ಹೊರಬಂದದ್ದೆಲ್ಲ ಗೊತ್ತಿದ್ದವರ ಮೇಲೆ: ಚಿಕ್ಕಪ್ಪನ ಮಗನ ಮೇಲೆ, ಒಂದೇ ಬೆಂಚಿನಲ್ಲಿ ಕೂತವನ ಮೇಲೆ, ಎದುರು ಮನೆಯವನ ಮೇಲೆ. ಡಕಾಯಿತನಿಗೆಂದು ಕೊಂಡ ಚಾಕು ಗೆಳೆಯನಿಗೆ ಬಡಿಯುತ್ತದೆ.

ಅಂಥ ಒಂದನ್ನು ಹೇಳುತ್ತೇನೆ. ಊರು, ಹೆಸರು ಬೇಡ. ಹನ್ನೊಂದು ವರ್ಷದ ಹಿಂದಿನದು. ಕಬ್ಬಿನ ಪಾಳಿಯ ಜಗಳ. ಯಾರ ಹೊಲಕ್ಕೆ ಗ್ಯಾಂಗು ಮೊದಲು ಇಳಿಯಬೇಕು ಎಂದು. ನನ್ನ ಕಕ್ಷಿದಾರನಿಗೆ ಆಗ ಇಪ್ಪತ್ನಾಲ್ಕು. ಎದುರು ಪಾರ್ಟಿಯವರು “ಕೈಕಾಲು ಮುರೀತೀವಿ” ಎಂದಿದ್ದರು, ಇವನು ಹೆದರಿ ಚಾಕು ಇಟ್ಟುಕೊಂಡ. ನಾಲ್ಕು ತಿಂಗಳು ಅದು ಕಿಸೆಯಲ್ಲೇ ಇತ್ತು, ಏನೂ ಆಗಲಿಲ್ಲ. ಒಂದು ರಾತ್ರಿ ಧಾಬಾದಲ್ಲಿ ಇವನೂ ಆ ಪಾರ್ಟಿಯವನೊಬ್ಬನೂ ಎದುರುಬದುರಾದರು. ಮಾತಿಗೆ ಮಾತು. ಅವನು ಚಪ್ಪಲಿ ಕೈಗೆ ತಗೊಂಡ. ಗಮನಿಸಿ, ಚಪ್ಪಲಿ. ಇವನಿಗೆ ಹೊರಗೆ ಹೋಗಲು ಬಾಗಿಲಿತ್ತು, ಬೈಕಿಗೆ ಕೀಲಿ ಹಾಕಿಯೇ ಇತ್ತು. ಚಾಕು ಇಲ್ಲದಿದ್ದರೆ ಹೋಗುತ್ತಿದ್ದ, ಮರುದಿನ ಊರಿನಲ್ಲಿ ನಾಲ್ಕು ಮಂದಿ ಕೂಡಿ ಬಗೆಹರಿಸುತ್ತಿದ್ದರು. ಚಾಕು ಇತ್ತು. ನಿಂತ.

“ಹೊಟ್ಟಿಗೆ ಹಾಕಿಲ್ರೀ ಕಾಕಾ, ತೊಡಿಗೆ ಹಾಕೀನಿ. ಅಂಜಲಿ ಅಂತ” ಎಂದು ಜೈಲಿನಲ್ಲಿ ನನ್ನ ಮುಂದೆ ಎಷ್ಟು ಸಲ ಹೇಳಿದನೋ. ಸಿನಿಮಾದಲ್ಲಿ ತೊಡೆಗೆ ಚುಚ್ಚಿಸಿಕೊಂಡ ಹೀರೊ ಮುಂದಿನ ಸೀನಿಗೆ ಕುಂಟುತ್ತಾನೆ, ಹಾಡಿಗೆ ಕುಣಿಯುತ್ತಾನೆ. ತೊಡೆಯ ಒಳಗೆ ಕಿರುಬೆರಳಿನ ದಪ್ಪದ ರಕ್ತನಾಳ ಹೋಗುತ್ತದೆ. ಅದು ಹರಿದರೆ ಉಳಿಯುವುದು ಕೆಲವೇ ನಿಮಿಷ. ಧಾಬಾದವನು ತನ್ನ ಟವೆಲ್ ಬಿಗಿದ, ಗಲ್ಲೆಯ ಮೇಲಿನ ಹುಡುಗ ತನ್ನ ಅಂಗಿ ಬಿಚ್ಚಿ ಒತ್ತಿ ಹಿಡಿದ. ಭಾಲ್ಕಿಯಿಂದ ಬೀದರಿಗೆ ಸುಮಾರು ನಲವತ್ತು ಕಿಲೋಮೀಟರ್. ಅರ್ಧ ದಾರಿಗೆ ಅವನ ಮಾತು ನಿಂತಿತ್ತು.

ಕೊಲೆ ಕೇಸಾಯಿತು. ನಾನು ಆತ್ಮರಕ್ಷಣೆ ಎಂದೇ ವಾದಿಸಿದೆ. ಸೆಷನ್ಸ್ ನ್ಯಾಯಾಧೀಶರು ತಾಳ್ಮೆಯಿಂದ ಕೇಳಿ ಎರಡೇ ಪ್ರಶ್ನೆ ಕೇಳಿದರು. ಎದುರಿನವನ ಕೈಯಲ್ಲಿ ಏನಿತ್ತು? ನಾನು ಚಪ್ಪಲಿ ಎಂದೆ. ನಿಮ್ಮವನ ಚಾಕು ಎಲ್ಲಿಂದ ಬಂತು? ಈ ಎರಡನೆಯ ಪ್ರಶ್ನೆಗೆ ಇಷ್ಟು ವರ್ಷದಲ್ಲಿ ನನಗೆ ಒಳ್ಳೆಯ ಉತ್ತರ ಸಿಕ್ಕಿಲ್ಲ. ಕೊಲೆ ಹೋಗಿ ಕೊಲೆಯಲ್ಲದ ನರಹತ್ಯೆ ಎಂದಾಯಿತು, ಏಳು ವರ್ಷ. ನನ್ನ ದೃಷ್ಟಿಯಲ್ಲಿ ಅದು ನಾನು ಗೆದ್ದ ಕೇಸು. ಅವನ ಅವ್ವನ ದೃಷ್ಟಿಯಲ್ಲಿ ಅಲ್ಲ.

ಒಂದು ಮಾತು ಬಿಟ್ಟೆ. ಚುಚ್ಚಿದಾಗ ಅಲಗು ಗಟ್ಟಿಯಾದದ್ದಕ್ಕೆ ತಾಗಿ ನಿಂತರೆ, ಹಿಡಿಕೆಗೆ ರಕ್ತ ಅಂಟಿದ್ದರೆ, ಹಿಡಿದ ಕೈ ಮುಂದೆ ಜಾರಿ ಅಲಗಿನ ಮೇಲೆ ಬರುತ್ತದೆ. ಅವನ ಬಲಗೈಯ ಕೊನೆಯ ಎರಡು ಬೆರಳುಗಳ ನರ ಕಡಿದಿದ್ದವು. ಬಿಡುಗಡೆಯಾಗಿ ಬಂದ ದಿನ ನನ್ನ ಬಾಗಿಲಲ್ಲಿ ನಿಂತು ಕೈ ಮುಗಿದ. ಎಂಟು ಬೆರಳು ಕೂಡಿದವು, ಎರಡು ಬೇರೆಯೇ ನಿಂತವು. ಈಗಲೂ ಸಂತೆಯಲ್ಲಿ ಸಿಕ್ಕರೆ ಹಾಗೇ ಕೈ ಮುಗಿಯುತ್ತಾನೆ.

ಕಾನೂನು ನಿಮ್ಮನ್ನು ಕೈ ಕಟ್ಟಿ ಹೊಡೆಸಿಕೊಳ್ಳಿ ಎಂದು ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗೆ ಹನ್ನೊಂದು ಕಲಮುಗಳು ಇದಕ್ಕೇ ಮೀಸಲು. ನಿಮ್ಮ ದೇಹ ಅಷ್ಟೇ ಅಲ್ಲ, ಬೇರೆಯವರ ದೇಹವನ್ನು ಉಳಿಸಲೂ ಹಕ್ಕಿದೆ. ಪ್ರಾಣಭಯ, ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ಎರಚುವುದು, ಇಂಥ ಸಂದರ್ಭದಲ್ಲಿ ಎದುರಿನವನು ಸತ್ತರೂ ಅದು ಅಪರಾಧವಲ್ಲ. ಗಾಬರಿಯಲ್ಲಿದ್ದವನು ತನ್ನ ಏಟನ್ನು ತಕ್ಕಡಿಯಲ್ಲಿ ತೂಗಿ ಕೊಡಲಾರ ಎಂಬುದನ್ನು ಸುಪ್ರೀಂ ಕೋರ್ಟ್ ಎಷ್ಟೋ ಸಲ ಒಪ್ಪಿದೆ. 2010ರ ದರ್ಶನ್ ಸಿಂಗ್ ತೀರ್ಪನ್ನು ನಾವು ವಕೀಲರು ಇವತ್ತಿಗೂ ಹಿಡಿದುಕೊಂಡು ಓಡಾಡುತ್ತೇವೆ. ಆದರೆ ಕಲಂ 37 ಎರಡು ಕಡಿವಾಣ ಹಾಕಿದೆ. ಪೊಲೀಸರ ನೆರವು ಕೇಳಲು ಹೊತ್ತಿದ್ದರೆ ಈ ಹಕ್ಕಿಲ್ಲ. ತಪ್ಪಿಸಿಕೊಳ್ಳಲು ಬೇಕಾದಷ್ಟಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಕ್ಕೂ ಇಲ್ಲ. ಆತ್ಮರಕ್ಷಣೆಗೆ ಮಾಡಿದೆ ಎಂದು ತೋರಿಸಿಕೊಡುವ ಹೊಣೆ ನಿಮ್ಮದೇ. ಇನ್ನು ಅದೇ ಜಗಳದಲ್ಲಿ ಮುಷ್ಟಿಯಿಂದ ಗುದ್ದಿ ಗಾಯವಾದರೆ ಒಂದು ವರ್ಷದವರೆಗಿನ ಸಜೆ. ಅಷ್ಟೇ ಗಾಯ ಚಾಕುವಿನಿಂದಾದರೆ ಮೂರು ವರ್ಷದವರೆಗೆ. ಗಾಯ ತೀವ್ರವಾಗಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಸಿಟ್ಟು ಅಷ್ಟೇ, ಸಾಮಾನು ಬೇರೆ.

ಒಬ್ಬ ಹುಡುಗಿ ಬಂದಿದ್ದಳು ಎಂದೆನಲ್ಲ, ಇಲ್ಲ, ಇನ್ನೂ ಹೇಳಿಲ್ಲ. ಐದು ಮಂದಿಯಲ್ಲಿ ಒಬ್ಬಳು ಹುಡುಗಿ. ಅವಳ ಜೊತೆ ಇಷ್ಟು ಗಡಸಾಗಿ ಮಾತಾಡಲು ನನಗಾಗಲಿಲ್ಲ, ಯಾಕೆಂದರೆ ಅವಳು ನನ್ನ ಅಣ್ಣನ ಮಗಳು. ಬೀದರಿಗೆ ಕಾಲೇಜಿಗೆ ಹೋಗುತ್ತಾಳೆ. ಪ್ರ್ಯಾಕ್ಟಿಕಲ್ಸ್ ಇದ್ದ ದಿನ ಸಂಜೆಯ ಬಸ್ಸು ತಪ್ಪಿ ಮುಂದಿನದಕ್ಕೆ ಬಂದು ಇಳಿಯುವಾಗ ಕತ್ತಲು. ಇಳಿದಲ್ಲಿಂದ ಮನೆಗೆ ಏಳೆಂಟು ನಿಮಿಷದ ದಾರಿ, ನಡುವೆ ಎರಡು ದೀಪದ ಕಂಬಗಳಿವೆ, ದೀಪಗಳಿಲ್ಲ. ಒಬ್ಬ ಹುಡುಗ ಮೂರು ವಾರದಿಂದ ಹಿಂದೆ ಬೀಳುತ್ತಿದ್ದನಂತೆ. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆಗೆ ಹೇಳಿಲ್ಲ. ಈ ಹೆದರಿಕೆ ಸುಳ್ಳಲ್ಲ, ನನ್ನ ಅಣ್ಣನನ್ನು ನಾನು ಬಲ್ಲೆ.

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯಲ್ಲಿ ನೇಹಾ ಹಿರೇಮಠ ಎಂಬ ವಿದ್ಯಾರ್ಥಿನಿಯನ್ನು ಕಾಲೇಜಿನ ಆವರಣದಲ್ಲೇ ಚುಚ್ಚಿ ಕೊಂದರು. ತಿಂಗಳು ತುಂಬುವುದರೊಳಗೆ ಅದೇ ಊರಲ್ಲಿ ಅಂಜಲಿ ಅಂಬಿಗೇರ, ಮನೆಯೊಳಗೇ. ಬೆದರಿಕೆ ಇದೆ ಎಂದು ಮೊದಲೇ ಠಾಣೆಗೆ ತಿಳಿಸಿದ್ದೆವು, ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅಂಜಲಿಯ ಮನೆಯವರು ಅತ್ತರು. ಪೊಲೀಸ್ ಸಿಬ್ಬಂದಿ ಅಮಾನತಾದರು. ಇದನ್ನೆಲ್ಲ ಓದಿದ ಹುಡುಗಿಗೆ ಠಾಣೆಗೆ ಹೋಗು ಎಂದು ಹೇಳಲು ವಕೀಲನಾದ ನನಗೂ ನಾಲಿಗೆ ತಡವರಿಸಿತು.

“ಏನ್ ಇಟ್ಕೊಂಡಿ ಬ್ಯಾಗಿನ್ಯಾಗ?” ಎಂದೆ. ಅಡುಗೆ ಮನೆಯ ಚಾಕು, ದುಪಟ್ಟಾದ ತುಂಡಿನಲ್ಲಿ ಸುತ್ತಿದ್ದು.

“ಓಬವ್ವನ ಕೈಯಾಗ ಒನಕೆ ಇರ್ಲಿಲ್ಲೇನ್ ಕಾಕಾ?”

ಒಳ್ಳೆಯ ವಕೀಲಳಾಗುತ್ತಾಳೆ. ಇತ್ತು ತಾಯಿ. ಆದರೆ ಓಬವ್ವ ಒನಕೆಯನ್ನು ಹೆಗಲಿಗೆ ಹಾಕಿಕೊಂಡು ಚಿತ್ರದುರ್ಗದ ಬೀದಿಯಲ್ಲಿ ಓಡಾಡಲಿಲ್ಲ. ನೀರಿಗೆ ಹೋದಾಗ ಹೈದರಾಲಿಯ ಮಂದಿ ಕಿಂಡಿಯಲ್ಲಿ ತೂರುವುದು ಕಂಡಿತು, ಮನೆಗೆ ಓಡಿದಳು, ಕೈಗೆ ಸಿಕ್ಕಿದ್ದು ಹಿಡಿದಳು. ಕಾನೂನಿನ ಕಣ್ಣಿಗೆ ಇದಕ್ಕಿಂತ ಚೊಕ್ಕ ಆತ್ಮರಕ್ಷಣೆ ಇನ್ನೊಂದಿಲ್ಲ. ಆ ಕ್ಷಣಕ್ಕೆ ಕೈಗೆ ಸಿಕ್ಕಿದ ಕಲ್ಲು, ಛತ್ರಿ, ಟಿಫಿನ್ ಡಬ್ಬಿ, ಹಲ್ಲು, ಉಗುರು, ಯಾವುದಾದರೂ ಸರಿ. ಅದು ಎಲ್ಲಿಂದ ಬಂತು ಎಂದು ಯಾವ ನ್ಯಾಯಾಧೀಶರೂ ನಿನ್ನನ್ನು ಕೇಳುವುದಿಲ್ಲ.

ಅವಳಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. “ಬಾ, ನೋಡೋಣು” ಎಂದು ಅಂಗಳಕ್ಕೆ ಕರೆದೆ. ಬ್ಯಾಗು ಬೆನ್ನಿಗೆ ಹಾಕಿಸಿದೆ. ನಾನು ಗೇಟಿನ ಹತ್ತಿರ ನಿಂತೆ. ಫೋನಿನಲ್ಲಿ ಟೈಮರ್ ಹಚ್ಚಿ, ನಾನು ನಡೆದು ಬರುತ್ತೇನೆ, ನೀನು ಚಾಕು ತೆಗಿ ಎಂದೆ. ಬ್ಯಾಗು ಇಳಿಸಿದಳು. ಜಿಪ್ಪು ನಡುವೆ ಸಿಕ್ಕಿಕೊಂಡಿತು. ರೆಕಾರ್ಡ್ ಬುಕ್ಕು, ಚಾರ್ಜರು, ಡಬ್ಬಿ, ಡಬ್ಬಿಯ ಕೆಳಗೆ ಗಂಟು, ಗಂಟು ಬಿಚ್ಚುವಷ್ಟರಲ್ಲಿ ನಾನು ಅವಳ ಮಣಿಕಟ್ಟು ಹಿಡಿದು ನಿಂತು ಆಗಿತ್ತು. ಹದಿನಾಲ್ಕು ಸೆಕೆಂಡು. ನನಗೆ ಅರವತ್ತೆರಡು ವರ್ಷ, ಮೊಣಕಾಲು ನೋವು. ಚಾಕು ಈಗ ನನ್ನ ಕೈಯಲ್ಲಿತ್ತು. ಅವಳೂ ನಾನೂ ಇಬ್ಬರೂ ಅದನ್ನೇ ನೋಡಿದೆವು. ಒಳಗಿನಿಂದ ಅತ್ತಿಗೆ “ಏನ್ ನಡಸೀರಿ ಇಬ್ರೂ?” ಎಂದಳು. “ಏನಿಲ್ಲ, ಸವತೀಕಾಯಿ ಹೆಚ್ಚಬೇಕಂತ” ಎಂದೆ. ಜೀವಮಾನದಲ್ಲಿ ಕೋರ್ಟಿನ ಹೊರಗೆ ಹೇಳಿದ ಸುಳ್ಳುಗಳಲ್ಲಿ ಅದೂ ಒಂದು.

ಆಮೇಲೆ ಇಬ್ಬರೂ ಕೂತು ಒಂದು ಅರ್ಜಿ ಬರೆದೆವು. ಹಿಂಬಾಲಿಸುವುದು ನ್ಯಾಯ ಸಂಹಿತೆಯ 78ನೇ ಕಲಮಿನ ಅಪರಾಧ, ಬೆದರಿಸಿದರೆ 351. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದನ್ನೇ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ನಮ್ಮ ಠಾಣೆ ವ್ಯಾಪ್ತಿಯಲ್ಲ ಎಂದು ಈಗ ವಾಪಸು ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಲೇಬೇಕು. ತುರ್ತಿಗೆ 112. ಅಣ್ಣನಿಗೆ ನಾನೇ ಹೇಳಿದೆ. ಕಾಲೇಜು ಬಿಡಿಸಿದರೆ ನಿನ್ನ ಮೇಲೂ ಒಂದು ಕೇಸು ಹಾಕುತ್ತೇನೆ ಎಂದು ಗದರಿಸಿದೆ, ನಕ್ಕ. ಹುಡುಗನ ಅಪ್ಪನನ್ನು ಕರೆಸಿ ಠಾಣೆಯಲ್ಲಿ ಬರೆಸಿಕೊಂಡರು. ಇದರಿಂದ ಎಲ್ಲ ಸರಿಹೋಯಿತೇ? ಗೊತ್ತಿಲ್ಲ. ಕತ್ತಲಿನ್ನೂ ಅಲ್ಲೇ ಇದೆ. ಅವಳ ಬ್ಯಾಗಿನಲ್ಲಿ ಚಾಕು ಈಗ ಇದೆಯೋ ಇಲ್ಲವೋ ಎಂದು ನಾನು ಕೇಳಿಲ್ಲ.

“ಸರ್ದಾರ್‌ಜಿಗಳು ಕೃಪಾಣ ಇಟ್ಕೋತಾರಲ್ರೀ” ಎಂದು ಐದರಲ್ಲಿ ಇಬ್ಬರು ಕೇಳಿದರು. ಬೀದರಿನವರು ಕೇಳಲೇಬೇಕಾದ ಪ್ರಶ್ನೆ. ನಾನಕ್ ಝೀರಾ ಗುರುದ್ವಾರ ನಮ್ಮ ಜಿಲ್ಲೆಯಲ್ಲೇ ಇದೆ, ಗುರು ಗೋವಿಂದ ಸಿಂಗರು 1699ರಲ್ಲಿ ದೀಕ್ಷೆ ಕೊಟ್ಟ ಮೊದಲ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನ ಕ್ಷೌರಿಕರು. ಕೃಪಾಣಕ್ಕೆ ಸಂವಿಧಾನದ 25ನೇ ವಿಧಿಯೇ ಅನುಮತಿ ಕೊಟ್ಟಿದೆ. ಕೊಡವರ ಬಂದೂಕಿಗೂ ಬೇರೆಯೇ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅವೆರಡೂ ಊರಿಗೆಲ್ಲ ಗೊತ್ತಿರುವಂತೆ ಧರಿಸುವ ವಸ್ತು, ವ್ರತ ಮತ್ತು ಹಿರಿಯರ ಕಟ್ಟುಪಾಡು ಜೊತೆಗಿರುತ್ತದೆ. ನಿಮ್ಮದು ಅಂಗಿ ಕೆಳಗೆ ಅಡಗಿಸಿದ್ದು, ಕಟ್ಟುಪಾಡು ಎಂದರೆ ಡೆಲಿವರಿ ಹುಡುಗನಿಗೆ ಹೇಳಿದ ಓಟಿಪಿ ಒಂದೇ.

ವೇದಿಕೆ ಮೇಲಿಂದ ಹೇಳುವವರೂ ಇದ್ದಾರೆ. 2022ರ ಡಿಸೆಂಬರಿನಲ್ಲಿ ಶಿವಮೊಗ್ಗದ ಸಮಾವೇಶವೊಂದರಲ್ಲಿ ಆಗಿನ ಭೋಪಾಲ್ ಸಂಸದೆ ಪ್ರಜ್ಞಾ ಸಿಂಗ್ ಠಾಕೂರ್ ತರಕಾರಿ ಹೆಚ್ಚುವ ಚಾಕುವನ್ನಾದರೂ ಹರಿತ ಮಾಡಿಟ್ಟುಕೊಳ್ಳಿ ಎಂದರು, ಅದರ ಮೇಲೆ ಕೇಸೂ ದಾಖಲಾಯಿತು. ಎಲ್ಲ ಬಣ್ಣದ ವೇದಿಕೆಗಳಲ್ಲೂ ಇಂಥ ಮಾತು ಕೇಳಿದ್ದೇನೆ. ನನ್ನ ಅನುಭವ ಇಷ್ಟು: ಹರಿತ ಮಾಡಿಕೊಳ್ಳಿ ಎಂದವರು ಯಾರೂ ಜಾಮೀನಿಗೆ ನಿಲ್ಲಲು ತಮ್ಮ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದದ್ದಿಲ್ಲ. ಬರುವವರು ನಿಮ್ಮ ಸೋದರಮಾವಂದಿರು, ಎರಡು ಎಕರೆಯ ಕಾಗದ ಹಿಡಿದುಕೊಂಡು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು.

ಆತ್ಮರಕ್ಷಣೆ ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಹಳೆಯ ಚರಿತ್ರೆ ಇದೆ. ನಿಮಗೆ ಅದನ್ನು ಶಾಲೆಯಲ್ಲಿ ಅರ್ಧ ಹೇಳಿರುತ್ತಾರೆ. 1948ರ ಮೇ ತಿಂಗಳಲ್ಲಿ ಇಲ್ಲಿಂದ ಬಹಳ ದೂರವಿಲ್ಲದ ಗೋರಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆ ನಿಮಗೆ ಗೊತ್ತು, ಅಲ್ಲಿ ಸ್ಮಾರಕವೂ ಇದೆ. ಅದೇ ಸೆಪ್ಟೆಂಬರಿನಲ್ಲಿ ಸೇನೆ ಬಂತು, ನಾವು ಪೊಲೀಸ್ ಆಕ್ಷನ್ ಎನ್ನುತ್ತೇವೆ, 17ಕ್ಕೆ ನಿಜಾಮ ಶರಣಾದ. ಆಮೇಲಿನದನ್ನು ಹೇಳುವವರು ಕಡಿಮೆ. ಆಮೇಲೆ ಮುಸಲ್ಮಾನರ ಮೇಲೆ ಕತ್ತಿ ಎದ್ದಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಹೆಚ್ಚು ಜೀವಹಾನಿಯಾದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು, ಅದರಲ್ಲಿ ಬೀದರ್ ಒಂದು. ಒಂದೇ ವರ್ಷ, ಒಂದೇ ಜಿಲ್ಲೆ.

ನಿಜಾಮನ ಕಾಲದಲ್ಲಿ ಭಾಲ್ಕಿಯ ಜನ ಬಚ್ಚಿಟ್ಟ ವಸ್ತು ಎರಡು. ಒಂದು ಕತ್ತಿ. ಇನ್ನೊಂದು ಕನ್ನಡ: ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ನಮ್ಮ ಮುತ್ಯಾ ಎರಡನ್ನೂ ಬಚ್ಚಿಟ್ಟವನು. ಕತ್ತಿ ಹಗೇವಿನೊಳಗೆ ಜೋಳದ ಕೆಳಗಿತ್ತಂತೆ. ಸೇನೆ ಬಂದು ಮನೆ ಮನೆ ಜಡತಿ ಮಾಡುತ್ತದೆ ಎಂಬ ಸುದ್ದಿ ಹಬ್ಬಿದ ರಾತ್ರಿ ಅದನ್ನು ಓಣಿಯ ಬಾವಿಗೆ ಎಸೆದು ಬಂದ. ಅಷ್ಟಕ್ಕೇ ಕಥೆ ಮುಗಿಯಬೇಕಿತ್ತು. 72ರ ಬರದಲ್ಲಿ ಆ ಬಾವಿ ತಳ ಕಂಡಿತು. ಹೂಳು ತೆಗೆಯಲು ಇಳಿದವರು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದ್ದು ಒಂದು ಕತ್ತಿಯಲ್ಲ, ಮೂರು ಕತ್ತಿ, ಜೊತೆಗೆ ಒಂದು ಜಂಬಿಯಾ. ತುಕ್ಕು ಹಿಡಿದು ಜೋಳದ ದಂಟಿನಂತಾಗಿದ್ದವು. ನಾನು ಸಣ್ಣವನು, ಬಾವಿಕಟ್ಟೆಯ ಮೇಲೆ ನಿಂತಿದ್ದೆ. ಓಣಿಯಲ್ಲಿದ್ದದ್ದು ಒಂಬತ್ತು ಮನೆ, ಎರಡೂ ಧರ್ಮದವರು. ಎಲ್ಲರೂ ಬಂದು ನೋಡಿದರು. ನಂದು ಎಂದು ಯಾರೂ ಹೇಳಲಿಲ್ಲ, ನಮ್ಮ ಮುತ್ಯಾನೂ ಹೇಳಲಿಲ್ಲ. ಇಪ್ಪತ್ನಾಲ್ಕು ವರ್ಷ ಒಂದೇ ಬಾವಿಯ ನೀರು ಕುಡಿದ ಮುದುಕರು ಒಬ್ಬರ ಮುಖ ಒಬ್ಬರು ನೋಡದೆ ನಿಂತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

ಹುಡುಗರಿಗೆ ಇನ್ನೊಂದೇ ಮಾತು. ನಿಮ್ಮಲ್ಲಿ ಎಷ್ಟು ಮಂದಿ ಬೆಳಗಿನ ಐದಕ್ಕೆ ಎದ್ದು ಮೈದಾನದಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓಡುತ್ತೀರಿ, ನಾನು ವಾಕಿಂಗಿಗೆ ಬಂದಾಗ ನೋಡುತ್ತೇನೆ. 1600 ಮೀಟರ್, ಆರೂವರೆ ನಿಮಿಷ. ಆ ಮಡಚುವ ಚಾಕಿನವನೂ ಅವರಲ್ಲೇ ಒಬ್ಬ, ಅವನ ಟೈಮು ಆರು ಇಪ್ಪತ್ತಂತೆ, ಹೆಮ್ಮೆಯಿಂದ ಹೇಳಿದ. ಲೇ ತಮ್ಮಾ, ಭಾಲ್ಕಿಯಲ್ಲಿ ಬೀಡಿ ಗುಟ್ಕಾ ಹಾಕುವ ಯಾವ ಗೂಂಡಾ ನಿನ್ನನ್ನು ಹಿಡಿಯುತ್ತಾನೆ? ಇನ್ನೂರು ಮೀಟರಿಗೆ ಏದುಸಿರು ಬಿಟ್ಟು ಕುಂದ್ರುತ್ತಾನೆ. ಓಡಿದರೆ ಮಂದಿ ನಗುತ್ತಾರೆ ಎನ್ನುತ್ತೀರಿ. ನಗುತ್ತಾರೆ, ಖರೆ. ಎರಡು ದಿನ ನಗುತ್ತಾರೆ. ಪೊಲೀಸ್ ವೆರಿಫಿಕೇಶನ್ನಿಗೆ ನಿಮ್ಮ ಹೆಸರು ಹೋದಾಗ ಠಾಣೆಯ ಪುಸ್ತಕದಲ್ಲಿ ನಗುವಿನ ದಾಖಲೆ ಇರುವುದಿಲ್ಲ.

ಈಗ ನನ್ನ ಕೆಲಸ. ಬಸ್ಸು ಇಳಿಯುವ ಜಾಗದಿಂದ ನಮ್ಮ ಓಣಿಯವರೆಗಿನ ದೀಪಗಳಿಗಾಗಿ, ಸಂಜೆ ಏಳರ ಹೊತ್ತಿಗೆ ಬೀದರಿನಿಂದ ಇನ್ನೊಂದು ಬಸ್ಸಿಗಾಗಿ ಒಂದು ಮನವಿ ತಯಾರಿಸಿದ್ದೇನೆ. ಯಾವ ಕಚೇರಿಗೆ ಎಂದು ಇಲ್ಲಿ ಬರೆಯುವುದಿಲ್ಲ, ಮುನಿಸಿಕೊಂಡರೆ ದೀಪ ಇನ್ನೂ ತಡವಾಗುತ್ತದೆ. ಮೊದಲ ಸಹಿ ನನ್ನ ಅಣ್ಣನ ಮಗಳದು, ಎರಡನೆಯದು ಅಣ್ಣನದು. ನಿನ್ನೆಯವರೆಗೆ ನಲವತ್ತೊಂದು ಆಗಿವೆ, ಮೂರು ಹಾಳೆ ಖಾಲಿ ಇವೆ. ತಹಸೀಲ್ ಕಚೇರಿ ಎದುರಿನ ಮಾಳಿಗೆ ಕೋಣೆ, ಸಂಜೆ ಆರರ ಮೇಲೆ ಇರುತ್ತೇನೆ. ಪೆನ್ನು ನನ್ನ ಹತ್ತಿರ ಇದೆ. ಚಹಾ ತರಿಸುತ್ತೇನೆ.

ಫ್ಯಾನಿನ ಗಾಳಿಗೆ ಹಾಳೆ ಹಾರುತ್ತವೆ ಎಂದು ಅವುಗಳ ಮೇಲೆ ಆ ಹುಡುಗನ ಚಾಕು ಮಡಚಿ ಇಟ್ಟಿದ್ದೇನೆ. ಅವತ್ತು ಬಿಟ್ಟುಹೋದವನು ಮೊನ್ನೆ ಸಹಿ ಹಾಕಲು ಬಂದಿದ್ದ. “ನಿಂದು ಒಯ್ಯೋ” ಎಂದೆ. “ಇರ್ಲಿ ಬಿಡ್ರಿ ಕಾಕಾ, ಹಾಳಿ ಹಾರ್ತಾವ” ಎಂದು ಮಾಳಿಗೆ ಇಳಿದು ಹೋದ.

ನಿಮ್ಮ,
ವಕೀಲ ಕಾಕಾ
ಭಾಲ್ಕಿ